ಮದ್ದು ಬಿಡುವ ಮೊದಲು ಎಲೆ ತಿರುಗಿಸಿ ನೋಡಿ

(ಕೈತೋಟದ ಅಲಸಂಡೆ, ಬೀನ್ಸ್, ಅವರೆ ಗಿಡಗಳ ರೋಗಗಳ ಬಗ್ಗೆ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಉಪನ್ಯಾಸದ ಬರಹ ರೂಪ)



ಇವತ್ತು ನನಗೆ ಕೊಟ್ಟಿರುವ ವಿಷಯ ಬೀನ್ಸ್ ಗಿಡಗಳಿಗೆ ಬರುವ ರೋಗಗಳು. ಬೀನ್ಸ್ ಅಂದ ಕೂಡಲೇ ಪೇಟೆಯಿಂದ ತರುವ ಬೀನ್ಸ್ ಒಂದೇ ಅಂತ ತಿಳಿಯಬೇಡಿ. ಘಟ್ಟದ ಮೇಲಿನವರು ಹುರುಳಿಕಾಯಿ ಅನ್ನುವ ಬೀನ್ಸ್, ನಮ್ಮ ಕರಾವಳಿಯ ಉದ್ದ ಅಲಸಂಡೆ, ಚಪ್ಪರಕ್ಕೆ ಹಬ್ಬುವ ಅವರೆ, ಇವೆಲ್ಲ ಒಂದೇ ಕುಟುಂಬದ ಅಕ್ಕತಂಗಿಯರು. ಇವುಗಳಿಗೆ ಬರುವ ರೋಗಗಳ ಗುರುತು ಹೆಚ್ಚುಕಡಿಮೆ ಒಂದೇ ತರ, ಆರೈಕೆಯೂ ಒಂದೇ ತರ.

ಮನೆಯ ಹಿಂದೆ ಎರಡು ಸಾಲು ಅಲಸಂಡೆ ಇದ್ದರೆ ವಾರಕ್ಕೆ ಎರಡು ಸಲ ಪಲ್ಯಕ್ಕೆ ಚಿಂತೆ ಇಲ್ಲ. ಮಕ್ಕಳ ಹೊಟ್ಟೆಗೆ ಸಸಾರಜನಕ ಸಿಗುತ್ತದೆ, ಸಂತೆಯ ಖರ್ಚು ಉಳಿಯುತ್ತದೆ, ಉಳಿದದ್ದನ್ನು ನೆರೆಮನೆಗೆ ಕೊಡಬಹುದು. ಆದರೆ ಹೂ ಬಿಡುವ ಹೊತ್ತಿಗೆ ಸರಿಯಾಗಿ ಎಲೆ ಹಳದಿಯಾಗುತ್ತದೆ, ಕಾಯಲ್ಲಿ ಕಪ್ಪು ಚುಕ್ಕಿ ಬರುತ್ತದೆ, ನಿನ್ನೆ ಚೆನ್ನಾಗಿದ್ದ ಗಿಡ ಇವತ್ತು ಬಾಡಿ ನಿಂತಿರುತ್ತದೆ. ಆಗ ನಾವು ಮಾಡುವುದೇನು? ಅಂಗಡಿಗೆ ಹೋಗಿ "ಬೀನ್ಸಿಗೆ ರೋಗ ಬಂದಿದೆ, ಒಂದು ಮದ್ದು ಕೊಡಿ" ಅಂತ ಕೇಳುತ್ತೇವೆ. ಯಾವ ರೋಗ ಅಂತ ನಮಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಜ್ವರದ ಮಗುವಿಗೆ ಹೊಟ್ಟೆನೋವಿನ ಮಾತ್ರೆ ಕೊಟ್ಟ ಹಾಗೆ ಆಗುತ್ತದೆ. ದುಡ್ಡು ಹೋಯಿತು, ರೋಗ ಹೋಗಲಿಲ್ಲ, ವಿಷ ಮಾತ್ರ ಮನೆಯ ಪಲ್ಯಕ್ಕೆ ಬಂತು.

ಅದಕ್ಕಾಗಿ ಇವತ್ತು ಎರಡು ವಿಷಯ ಕಲಿಯೋಣ. ಒಂದು, ರೋಗವನ್ನು ನಮ್ಮ ಕಣ್ಣಿನಿಂದಲೇ ಗುರುತಿಸುವುದು. ಎರಡು, ಆ ರೋಗ ನಮ್ಮ ತೋಟಕ್ಕೆ ಯಾವ ದಾರಿಯಿಂದ ಬಂತು ಅಂತ ತಿಳಿದು ಆ ದಾರಿ ಮುಚ್ಚುವುದು.

ರೋಗ ಅಲ್ಲದ್ದನ್ನು ಮೊದಲು ಬದಿಗಿಡಿ

ಎಲ್ಲ ಹಳದಿ ಎಲೆಯೂ ರೋಗವಲ್ಲ. ಗಿಡದ ತೀರಾ ಕೆಳಗಿನ ಒಂದೆರಡು ಎಲೆ ಹಳದಿಯಾಗಿ ಉದುರಿದರೆ ಅದು ವಯಸ್ಸಾದ ಎಲೆ, ಹೆದರಬೇಡಿ. ಎಲೆಯಲ್ಲಿ ತೂತು ಇದ್ದರೆ ಅದು ಹುಳದ ಕೆಲಸ. ಮಧ್ಯಾಹ್ನ ಬಾಡಿ ಸಂಜೆಗೆ ಸರಿಯಾದರೆ ಅದು ಬಿಸಿಲು. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತಿದ್ದರೆ ಬೇರಿಗೆ ಉಸಿರಾಡಲು ಆಗದೆ ಇಡೀ ಗಿಡವೇ ಹಳದಿಯಾಗುತ್ತದೆ. ನೀರು ಬಿಡಿಸಿದರೆ ಚೇತರಿಸಿಕೊಳ್ಳಬಹುದು.

ಇನ್ನೊಂದು ಮುಖ್ಯ ವಿಷಯ. ಬೀನ್ಸ್ ಗಿಡ ಕಿತ್ತರೆ ಬೇರಿನಲ್ಲಿ ಸಣ್ಣ ಸಣ್ಣ ಗಂಟು ಕಾಣುತ್ತದೆ. ಅದನ್ನು ನೋಡಿ "ಅಯ್ಯೋ, ಬೇರಿಗೆ ರೋಗ" ಅಂತ ಗಾಬರಿಯಾಗುವವರಿದ್ದಾರೆ. ಆ ಗಂಟುಗಳು ನಮ್ಮ ಸ್ನೇಹಿತರು. ಅವುಗಳೊಳಗೆ ಇರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಗೊಬ್ಬರವಾಗಿ ಕೊಡುತ್ತವೆ. ಗುರುತಿಸುವುದು ಹೇಗೆ? ಉಗುರಿನಿಂದ ತಟ್ಟಿದರೆ ಒಳ್ಳೆಯ ಗಂಟು ಸುಲಭವಾಗಿ ಕಳಚಿಕೊಳ್ಳುತ್ತದೆ, ಒಡೆದರೆ ಒಳಗೆ ನಸುಗೆಂಪು ಇರುತ್ತದೆ. ಬೇರೇ ಊದಿಕೊಂಡು, ಗಂಟು ಕಳಚದೆ ಇದ್ದರೆ ಅದು ಕಣ್ಣಿಗೆ ಕಾಣದ ಜಂತುಹುಳದ ಕಾಟ. ಅಂಥ ಪಾತಿಯಲ್ಲಿ ಮುಂದಿನ ಸಲ ಬೀನ್ಸ್, ಬೆಂಡೆ, ಟೊಮೆಟೊ, ಬದನೆ ಬೇಡ. ಬೇವಿನ ಹಿಂಡಿ ಸೇರಿಸಿ ಚೆಂಡುಹೂ ಬೆಳೆಸಿ.

ಆರು ರೋಗಗಳು, ಆರು ಗುರುತುಗಳು

1. ತುಕ್ಕು ರೋಗ: ಇದರ ಹೆಸರೇ ಗುರುತು. ಎಲೆ ತಿರುಗಿಸಿ ಅಡಿಭಾಗ ನೋಡಿ. ಮೊದಲು ಸಾಸಿವೆಗಿಂತ ಸಣ್ಣ ಬಿಳಿಯ ಗುಳ್ಳೆ, ಆಮೇಲೆ ಅದು ಒಡೆದು ಕಬ್ಬಿಣದ ತುಕ್ಕಿನ ಬಣ್ಣದ ಪುಡಿ. ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆಗೆ ಕೆಂಗಂದು ಬಣ್ಣ ಹತ್ತುತ್ತದೆ. ಈ ಪರೀಕ್ಷೆ ತಪ್ಪುವುದಿಲ್ಲ. ಇಬ್ಬನಿ ಬೀಳುವ ಕಾಲದಲ್ಲಿ, ಎಲೆ ರಾತ್ರಿಯಿಡೀ ಒದ್ದೆ ಇದ್ದಾಗ ಇದು ಜೋರು. ಪುಡಿ ಗಾಳಿಯಲ್ಲಿ ಹಾರಿ ಬರುತ್ತದೆ, ಬೀಜದಿಂದ ಬರುವುದಿಲ್ಲ.

2. ಚಿಬ್ಬು ರೋಗ: ಇದನ್ನು ಕಾಯಿಯಲ್ಲಿ ನೋಡಬೇಕು. ಕಾಯಿಯ ಮೇಲೆ ಗುಂಡಗಿನ, ಒಳಕ್ಕೆ ತಗ್ಗಿದ ಕಪ್ಪು ಕಂದು ಕಲೆ, ಸುತ್ತ ಕೆಂಪು ಅಂಚು. ಮಳೆ ಹನಿಯುವಾಗ ಕಲೆಯ ನಡುವೆ ನಸುಗೆಂಪು ಅಂಟು ಕಾಣುತ್ತದೆ. ಎಲೆಯ ಅಡಿಯಲ್ಲಿ ನರಗಳು ಇಟ್ಟಿಗೆ ಕೆಂಪು, ಆಮೇಲೆ ಕಪ್ಪು. ತಂಪು ಮತ್ತು ಮಳೆ ಸೇರಿದಾಗ ಹರಡುತ್ತದೆ. ಇದು ಬೀಜದೊಳಗೆ ಇಳಿಯುತ್ತದೆ, ಅಲ್ಲಿ ವರ್ಷಗಟ್ಟಲೆ ಜೀವ ಹಿಡಿದು ಕೂರುತ್ತದೆ.

3. ದುಂಡಾಣು ಅಂಗಮಾರಿ: ಎಲೆಯಲ್ಲಿ ಮೊದಲು ನೀರು ಹೀರಿದಂಥ ಚುಕ್ಕೆ. ಎಲೆಯನ್ನು ಬೆಳಕಿಗೆ ಹಿಡಿದರೆ ಎಣ್ಣೆ ಬಿದ್ದ ಕಾಗದದ ಹಾಗೆ ಕಾಣುತ್ತದೆ. ಆಮೇಲೆ ಆ ಜಾಗ ಒಣಗಿ ಸುಟ್ಟ ಹಾಗೆ ಕಂದು ಬಣ್ಣ, ಅದರ ಸುತ್ತ ನಿಂಬೆ ಹಳದಿಯ ಕಿರಿದಾದ ಅಂಚು. ಸೆಕೆ ಮತ್ತು ಮಳೆ ಒಟ್ಟಿಗೆ ಇರುವಾಗ ಬರುತ್ತದೆ. ಇದೂ ಬೀಜದಿಂದ ಬರುವ ರೋಗ. ಹಿಡಿದ ಮೇಲೆ ಗುಣ ಮಾಡುವ ಮದ್ದಿಲ್ಲ.

4. ಬೂದಿ ರೋಗ: ಎಲೆಯ ಮೇಲ್ಭಾಗದಲ್ಲಿ ಯಾರೋ ಗೋಧಿ ಹಿಟ್ಟು ಚಿಮುಕಿಸಿದ ಹಾಗೆ ಬಿಳಿ ಪುಡಿ. ಮಳೆ ನಿಂತ ಮೇಲೆ, ಹಗಲು ಒಣಹವೆ, ರಾತ್ರಿ ತಂಪು ಇರುವ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇದರ ಕಾಲ. ಗಿಡ ಸಾಯುವುದು ಕಡಿಮೆ, ಆದರೆ ಕಾಯಿ ಸೊರಗುತ್ತದೆ.

5. ನಂಜು ರೋಗ: ಎಲೆಯಲ್ಲಿ ಹಳದಿ ಹಸಿರು ಚಿತ್ತಾರ. ಎಲೆ ಮುದುಡಿ, ಸಣ್ಣದಾಗಿ, ದೋಣಿಯ ಹಾಗೆ ಮಡಚಿಕೊಳ್ಳುತ್ತದೆ. ಗಿಡ ಕುಳ್ಳಾಗುತ್ತದೆ, ಹೂ ಉದುರುತ್ತದೆ. ಇದು ವೈರಸ್. ಇದರಲ್ಲಿ ಎರಡು ಬಗೆ. ಒಂದು ಬೀಜದಿಂದ ಬಂದು ಆಮೇಲೆ ಹೇನುಗಳಿಂದ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಇನ್ನೊಂದು, ಎಲೆ ಚಿನ್ನದ ಹಳದಿಯಾಗುವ ನಂಜು, ಬಿಳಿನೊಣದಿಂದ ಹರಡುತ್ತದೆ. ಯಾವುದಕ್ಕೂ ಮದ್ದಿಲ್ಲ. ಯಾರಾದರೂ "ನಂಜಿಗೆ ಒಳ್ಳೆ ಮದ್ದಿದೆ" ಅಂತ ಮಾರಿದರೆ ಕೊಳ್ಳಬೇಡಿ.

6. ಬುಡ ಕೊಳೆ, ಬೇರು ಕೊಳೆ: ಮೊಳಕೆಯ ಗಿಡ ಬುಡದಲ್ಲಿ ಕೊಳೆತು ಮಗುಚಿ ಬೀಳುತ್ತದೆ, ದೊಡ್ಡ ಗಿಡ ಇದ್ದಕ್ಕಿದ್ದ ಹಾಗೆ ಬಾಡುತ್ತದೆ. ಬುಡದ ಮಣ್ಣು ಸರಿಸಿ ನೋಡಿ. ಹತ್ತಿಯ ಎಳೆಯಂಥ ಬಿಳಿ ಬೂಸ್ಟು, ಅದರ ನಡುವೆ ಸಾಸಿವೆ ಕಾಳಿನಂಥ ಉಂಡೆಗಳು ಇದ್ದರೆ ಬುಡ ಕೊಳೆ ಅಂತ ಖಾತ್ರಿ. ಆ ಸಾಸಿವೆ ಉಂಡೆಗಳು ಮಣ್ಣಿನಲ್ಲಿ ಹಲವು ವರ್ಷ ಬದುಕುತ್ತವೆ. ಆದ್ದರಿಂದ ಗಿಡ ಮಾತ್ರ ಕಿತ್ತು ಬಿಸಾಡಿದರೆ ಸಾಲದು. ಬುಡದ ಸುತ್ತ ಒಂದು ಬುಟ್ಟಿಯಷ್ಟು ಮಣ್ಣನ್ನೂ ಸೇರಿಸಿ ತೆಗೆದು ತೋಟದಿಂದ ದೂರ ಹಾಕಿ.

ಈ ಆರನ್ನು ನೆನಪಿಡಲು ಸುಲಭ ದಾರಿ ಇದೆ. ಪುಡಿ ಇದ್ದರೆ ತುಕ್ಕು ಅಥವಾ ಬೂದಿ: ಅಡಿಯಲ್ಲಿ ಕೆಂಪು, ಮೇಲೆ ಬಿಳಿ. ಕಾಯಿಯಲ್ಲಿ ತಗ್ಗು ಇದ್ದರೆ ಚಿಬ್ಬು. ಸುಟ್ಟ ಕಲೆಗೆ ಹಳದಿ ಅಂಚು ಇದ್ದರೆ ಅಂಗಮಾರಿ. ಚಿತ್ತಾರ ಇದ್ದರೆ ನಂಜು. ನಿಂತಲ್ಲೇ ಬಾಡಿದರೆ ಬುಡ ನೋಡಿ.

ದೃಷ್ಟಿಯೂ ಅಲ್ಲ, ಮುಟ್ಟೂ ಅಲ್ಲ

ಇಲ್ಲಿ ಹೆಂಗಸರೇ ಇರುವುದರಿಂದ ಒಂದು ಮಾತು ಬಿಡಿಸಿ ಹೇಳುತ್ತೇನೆ. ಬಳ್ಳಿ ಇದ್ದಕ್ಕಿದ್ದ ಹಾಗೆ ಬಾಡಿದರೆ ನಮ್ಮ ಕಡೆ ಏನು ಹೇಳುತ್ತಾರೆ? "ಯಾರದ್ದೋ ದೃಷ್ಟಿ ತಾಗಿತು" ಅನ್ನುತ್ತಾರೆ. ಇಲ್ಲವಾದರೆ "ಮುಟ್ಟಾದವಳು ತೋಟಕ್ಕೆ ಹೋಗಿರಬೇಕು" ಅನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಹೊಸದಾಗಿ ಬಂದ ಸೊಸೆಗೆ, ಹದಿಹರೆಯದ ಮಗಳಿಗೆ ಈ ಮಾತು ಬಿದ್ದಿದೆ. ಆಕೆ ಸುಮ್ಮನೆ ತಲೆ ತಗ್ಗಿಸಿ ನಿಂತಿದ್ದಾಳೆ.

ಬುಡದ ಮಣ್ಣು ಸರಿಸಿ ಆ ಬಿಳಿ ಬೂಸ್ಟು, ಸಾಸಿವೆ ಉಂಡೆ ತೋರಿಸಿ. ಅಪರಾಧಿ ಅಲ್ಲೇ ಇದ್ದಾನೆ. ಬೂಸ್ಟಿಗೆ, ವೈರಸ್ಸಿಗೆ ಯಾರು ಮುಟ್ಟಾದವರು, ಯಾರು ಆಗಿಲ್ಲ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಬೇಕಾಗಿರುವುದು ನೀರು, ತೇವ, ಗಾಯ. ಆದರೆ ಒಂದು ಸತ್ಯ ಇದೆ. ಎಲೆ ಒದ್ದೆ ಇರುವಾಗ ಯಾರು ಬಳ್ಳಿಯ ನಡುವೆ ಓಡಾಡಿದರೂ ರೋಗ ಹರಡುತ್ತದೆ. ಗಂಡಸು ಹೋದರೂ ಹರಡುತ್ತದೆ, ಹೆಂಗಸು ಹೋದರೂ ಹರಡುತ್ತದೆ, ಮಗು ಹೋದರೂ ಹರಡುತ್ತದೆ, ನಾಯಿ ನುಗ್ಗಿದರೂ ಹರಡುತ್ತದೆ. ಚಿಬ್ಬಿನ ಅಂಟು, ಅಂಗಮಾರಿಯ ದುಂಡಾಣು ಒದ್ದೆ ಕೈಗೆ, ಸೀರೆಯ ಸೆರಗಿಗೆ, ಲುಂಗಿಗೆ ಅಂಟಿಕೊಂಡು ಮುಂದಿನ ಗಿಡಕ್ಕೆ ದಾಟುತ್ತದೆ. ಹಾಗಾಗಿ ಮನೆಯಲ್ಲಿ ನಿಯಮ ಮಾಡುವುದಿದ್ದರೆ ಇದನ್ನು ಮಾಡಿ: ಎಲೆ ಒಣಗುವ ತನಕ ಯಾರೂ ಕೊಯ್ಯಲು ಹೋಗುವುದು ಬೇಡ.

ಬೀಜ ಹಂಚುವಾಗ ರೋಗ ಹಂಚಬೇಡಿ

ನಮ್ಮ ಸಂಘಗಳಲ್ಲಿ ಒಂದು ಒಳ್ಳೆಯ ರೂಢಿ ಇದೆ. ಒಬ್ಬರ ಮನೆಯಲ್ಲಿ ಅಲಸಂಡೆ ಚೆನ್ನಾಗಿ ಬಂದರೆ ಬೀಜ ತಂದು ವಾರದ ಸಭೆಯಲ್ಲಿ ಎಲ್ಲರಿಗೂ ಹಿಡಿ ಹಿಡಿ ಕೊಡುತ್ತಾರೆ. ಇದು ನಿಲ್ಲಬಾರದು. ಬೀನ್ಸ್ ಹೂವು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಮನೆಯ ಬೀಜ ತಾಯಿಯ ಗುಣವನ್ನೇ ತರುತ್ತದೆ. ಪ್ರತಿ ವರ್ಷ ಪ್ಯಾಕೆಟ್ ಕೊಳ್ಳಬೇಕಾಗಿಲ್ಲ.

ಆದರೆ ಈಗ ನೋಡಿದ ಆರು ರೋಗಗಳಲ್ಲಿ ಚಿಬ್ಬು, ಅಂಗಮಾರಿ, ಒಂದು ಬಗೆಯ ನಂಜು, ಈ ಮೂರು ಬೀಜದಿಂದಲೇ ಬರುತ್ತವೆ. ಒಂದು ಸಂಘದಲ್ಲಿ ಇಪ್ಪತ್ತು ಜನ ಇದ್ದೇವೆ ಅಂತ ಇಟ್ಟುಕೊಳ್ಳಿ. ರೋಗದ ಗಿಡದ ಬೀಜ ಹಂಚಿದರೆ ಒಂದೇ ಸಭೆಯಲ್ಲಿ ಇಪ್ಪತ್ತು ಮನೆಗೆ ರೋಗ ಹೋಯಿತು. ಮುಂದಿನ ವರ್ಷ ಅವರು ತಮ್ಮ ತವರುಮನೆಗೆ, ನಾದಿನಿ ಮನೆಗೆ ಕೊಡುತ್ತಾರೆ. ಪ್ರೀತಿಯಿಂದ ಕೊಟ್ಟದ್ದೇ ಊರಿಡೀ ಹರಡುತ್ತದೆ.

ಬೀಜವನ್ನು ತಟ್ಟೆಯಲ್ಲಿ ಆರಿಸುವುದು ಎಲ್ಲರಿಗೂ ಗೊತ್ತು. ಕಲೆ ಇದ್ದದ್ದು, ಸುಕ್ಕು ಇದ್ದದ್ದು ತೆಗೆದರೆ ಚಿಬ್ಬು ಒಂದಷ್ಟು ಕಡಿಮೆಯಾಗುತ್ತದೆ. ಆದರೆ ನಂಜಿನ ಬೀಜ ನೋಡಲು ಹೊಳೆಯುತ್ತಾ ಚೆಂದವಾಗಿಯೇ ಇರಬಹುದು. ಅದಕ್ಕೆ ಬೀಜ ಆರಿಸುವ ಕೆಲಸ ತೋಟದಲ್ಲೇ, ಗಿಡ ನಿಂತಿರುವಾಗಲೇ ಆಗಬೇಕು. ಹೀಗೆ ಮಾಡಿ:

- ಹೂ ಬಿಡುವ ಹೊತ್ತಿಗೆ ಚಿತ್ತಾರ, ಚುಕ್ಕೆ ಏನೂ ಇಲ್ಲದ ನಾಲ್ಕೈದು ಗಟ್ಟಿ ಗಿಡಗಳಿಗೆ ಬಣ್ಣದ ನೂಲು ಕಟ್ಟಿ. ಇವು ಬೀಜದ ಗಿಡಗಳು. ಮನೆಯವರಿಗೂ ಹೇಳಿಡಿ, ಇಲ್ಲವಾದರೆ ಪಲ್ಯಕ್ಕೆ ಹೋಗುತ್ತದೆ.
- ವಾರಕ್ಕೊಮ್ಮೆ ನೋಡುತ್ತಾ ಇರಿ. ಯಾವುದಕ್ಕಾದರೂ ರೋಗ ಬಂದರೆ ನೂಲು ಬಿಚ್ಚಿ, ಬೀಜಕ್ಕೆ ಬಿಡಬೇಡಿ.
- ಮಳೆ ಹಿಡಿದಿರುವಾಗ ಬೀಜ ಮಾಡಬೇಡಿ. ಮಳೆ ಬಿಟ್ಟ ಮೇಲಿನ ಬೆಳೆಯ, ಗಿಡದಲ್ಲೇ ಒಣಗಿದ ಕಾಯಿ ತೆಗೆದುಕೊಳ್ಳಿ.
- ಹದವಾದ ಬಿಸಿಲಿನಲ್ಲಿ ಒಣಗಿಸಿ, ಕಲೆ ಇದ್ದದ್ದನ್ನು ಆರಿಸಿ ತೆಗೆದು, ಒಲೆಯ ತಣ್ಣನೆಯ ಬೂದಿ ಬೆರೆಸಿ ಒಣ ಬಾಟ್ಲಿಯಲ್ಲಿ ಮುಚ್ಚಿಡಿ. ಬೂದಿ ಕೀಟವನ್ನು ದೂರ ಇಡುತ್ತದೆ. ಬೀಜದೊಳಗಿನ ರೋಗವನ್ನು ಅದು ಕೊಲ್ಲುವುದಿಲ್ಲ, ಇದು ನೆನಪಿರಲಿ.
- ಬಾಟ್ಲಿಗೆ ಚೀಟಿ ಅಂಟಿಸಿ: ಯಾರ ಮನೆಯದ್ದು, ಯಾವ ತಿಂಗಳು, ಗಿಡಕ್ಕೆ ರೋಗ ಇತ್ತೋ ಇಲ್ಲವೋ.

ಹೊಸ ಬೀಜ ತರುವುದಿದ್ದರೆ ರೋಗ ತಡೆಯುವ ತಳಿ ಕೇಳಿ. ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಿಡುಗಡೆ ಮಾಡಿದ ಬೀನ್ಸ್ ತಳಿಗಳಲ್ಲಿ ಅರ್ಕಾ ಬೋಲ್ಡ್ ತುಕ್ಕು ರೋಗವನ್ನು ತಡೆಯುತ್ತದೆ, ಅರ್ಕಾ ಅನೂಪ್ ತುಕ್ಕು ಮತ್ತು ದುಂಡಾಣು ಅಂಗಮಾರಿ ಎರಡನ್ನೂ ತಡೆಯುತ್ತದೆ. ಇವು ಹೈಬ್ರಿಡ್ ಅಲ್ಲ. ಒಮ್ಮೆ ತಂದರೆ ಬೀಜ ಉಳಿಸಿಕೊಳ್ಳಬಹುದು.

ಖರ್ಚಿಲ್ಲದ ಆರೈಕೆ

ರೋಗದ ಮುಕ್ಕಾಲು ಪಾಲು ಕೆಲಸ ನೀರಿನಿಂದ ಆಗುತ್ತದೆ. ನೀರನ್ನು ಬುಡಕ್ಕೆ ಕೊಡಿ, ಎಲೆಯ ಮೇಲೆ ಎರಚಬೇಡಿ. ಬೆಳಿಗ್ಗೆ ಕೊಡಿ, ಸಂಜೆ ಬೇಡ. ಸಂಜೆ ಒದ್ದೆಯಾದ ಎಲೆ ಮರುದಿನ ಬಿಸಿಲು ಬರುವ ತನಕ ಒಣಗುವುದಿಲ್ಲ, ತುಕ್ಕಿಗೆ ಅಷ್ಟು ಹೊತ್ತು ಧಾರಾಳವಾಗಿ ಸಾಕು. ಬುಡಕ್ಕೆ ಒಣ ಎಲೆ ಅಥವಾ ಹುಲ್ಲು ಮುಚ್ಚಿ. ಮಳೆಹನಿ ಮಣ್ಣಿಗೆ ಬಡಿದು ಎಲೆಗೆ ಸಿಡಿಯುವುದು ಇದರಿಂದ ತಪ್ಪುತ್ತದೆ. ಆದರೆ ಕಾಂಡಕ್ಕೆ ತಾಗದ ಹಾಗೆ ನಾಲ್ಕು ಬೆರಳು ಬಿಟ್ಟು ಮುಚ್ಚಿ.

ಮಳೆಗಾಲದಲ್ಲಿ ಒಂದಡಿ ಎತ್ತರದ ಏರುಮಡಿ ಮಾಡಿಯೇ ಬೀಜ ಹಾಕಿ. ಗಿಡ್ಡ ಬೀನ್ಸಿಗೆ ಸಾಲಿನಿಂದ ಸಾಲಿಗೆ ಒಂದೂವರೆ ಅಡಿ ಇರಲಿ. ಹಬ್ಬುವ ಅಲಸಂಡೆಗೆ ಇನ್ನೂ ಹೆಚ್ಚು ಜಾಗ ಕೊಟ್ಟು, ಬೇಗ ಕೋಲು ಊರಿ ಮೇಲೆ ಹತ್ತಿಸಿ. ನೆಲದ ಮೇಲೆ ಮಲಗಿದ ಬಳ್ಳಿಗೆ ರೋಗ ಮೊದಲು.

ಒಂದೇ ಪಾತಿಯಲ್ಲಿ ಪ್ರತಿ ಸಲ ಬೀನ್ಸ್ ಹಾಕಬೇಡಿ. ಈ ಸಲ ಅಲಸಂಡೆ ಇದ್ದಲ್ಲಿ ಮುಂದಿನ ಸಲ ಹರಿವೆ, ಆಮೇಲೆ ಬೆಂಡೆ ಅಥವಾ ಜೋಳ. ಎರಡು ವರ್ಷ ಬಿಟ್ಟು ಮತ್ತೆ ಅಲಸಂಡೆಗೆ ಬನ್ನಿ. ಬೆಳೆ ಮುಗಿದ ಮೇಲೆ ಒಣಗಿದ ಬಳ್ಳಿಯನ್ನು ಚಪ್ಪರದಲ್ಲೇ ಬಿಡಬೇಡಿ. ರೋಗದ ಬಳ್ಳಿಯನ್ನು ಗೊಬ್ಬರದ ಗುಂಡಿಗೂ ಹಾಕಬೇಡಿ. ದೂರದಲ್ಲಿ ಆಳಕ್ಕೆ ಹೂಳಿ.

ನಂಜಿನ ಗಿಡ ಕಂಡ ದಿನವೇ ಕೀಳಬೇಕು. "ಪಾಪ, ಹೂ ಬಿಟ್ಟಿದೆ, ನಾಲ್ಕು ಕಾಯಿ ಕೊಡಲಿ" ಅಂತ ಕನಿಕರ ಬೇಡ. ಆ ಒಂದು ಗಿಡದಿಂದ ಹೇನು ನೆರೆಯ ಗಿಡಕ್ಕೆ ಹೋಗಿ ಒಂದು ಸಲ ಚುಚ್ಚಿ ರುಚಿ ನೋಡಿದರೆ ಸಾಕು, ಕ್ಷಣದಲ್ಲೇ ನಂಜು ದಾಟಿತು. ಎಷ್ಟು ಕೀಟನಾಶಕ ಬಿಟ್ಟರೂ ಅಷ್ಟರೊಳಗೆ ಹೇನು ಸಾಯುವುದಿಲ್ಲ. ಅದಕ್ಕೇ ನಂಜಿನ ಗಿಡ ಕೀಳುವುದೇ ನಂಜಿಗೆ ಮದ್ದು. ಬಳ್ಳಿಯ ಮೇಲೆ ಇರುವೆ ಸಾಲು ಕಂಡರೆ ಕುಡಿಯನ್ನು ನೋಡಿ, ಕಪ್ಪು ಹೇನು ಇರುತ್ತದೆ. ಶುರುವಿನಲ್ಲೇ ಆ ಕುಡಿ ಚಿವುಟಿ ಸೋಪು ನೀರಿಗೆ ಹಾಕಿ.

ಮನೆಯಲ್ಲೇ ಮಾಡಬಹುದಾದ ಮದ್ದುಗಳು

ಬೇವಿನೆಣ್ಣೆ: 1 ಲೀಟರ್ ನೀರಿಗೆ ಒಂದು ಸಣ್ಣ ಚಮಚ, ಅಂದರೆ 5 ಮಿ.ಲೀ. ಬೇವಿನೆಣ್ಣೆ, ಬೆರೆಯಲು ಸ್ವಲ್ಪ ಸೋಪು. ಸಂಜೆ ಹೊತ್ತು ಎಲೆಯ ಅಡಿಗೆ ತಾಗುವ ಹಾಗೆ ಸಿಂಪಡಿಸಿ. ಹೇನು, ಬಿಳಿನೊಣ ಹಿಡಿತಕ್ಕೆ ಬರುತ್ತದೆ. ವಾರ ಬಿಟ್ಟು ಇನ್ನೊಮ್ಮೆ.

ಟ್ರೈಕೋಡರ್ಮ: ಇದು ಒಳ್ಳೆಯ ಬೂಸ್ಟು, ಕೆಟ್ಟ ಬೂಸ್ಟನ್ನು ತಿನ್ನುತ್ತದೆ. ಪುಡಿಯ ರೂಪದಲ್ಲಿ ಸಿಗುತ್ತದೆ. 1 ಕಿಲೋ ಬೀಜಕ್ಕೆ 4 ಗ್ರಾಂ ಲೆಕ್ಕ. ಮನೆಯ ಒಂದು ಹಿಡಿ ಬೀಜಕ್ಕೆ ಒಂದು ಚಿಟಿಕೆ ಸಾಕು, ಬೀಜ ಸ್ವಲ್ಪ ಒದ್ದೆ ಮಾಡಿ ಬೆರೆಸಿ ನೆರಳಲ್ಲಿ ಆರಿಸಿ ಬಿತ್ತಿ. ಪಾತಿಗೆ ಹಾಕಲು 10 ಕಿಲೋ ಚೆನ್ನಾಗಿ ಕಳಿತ ಹಟ್ಟಿಗೊಬ್ಬರಕ್ಕೆ 100 ಗ್ರಾಂ ಬೆರೆಸಿ, ನೀರು ಚಿಮುಕಿಸಿ, ಗೋಣಿ ಮುಚ್ಚಿ ನೆರಳಲ್ಲಿ ಹತ್ತು ಹದಿನೈದು ದಿನ ಇಟ್ಟು ಆಮೇಲೆ ಹಾಕಿ. ಬುಡ ಕೊಳೆ, ಬೇರು ಕೊಳೆಗೆ ಇದು ಒಳ್ಳೆಯದು. ರಾಸಾಯನಿಕ ಶಿಲೀಂಧ್ರನಾಶಕದ ಜೊತೆ ಬೆರೆಸಬೇಡಿ, ಜೀವ ಇರುವ ವಸ್ತು ಅದು, ಸತ್ತುಹೋಗುತ್ತದೆ.

ಗಂಧಕ: ತುಕ್ಕು ಮತ್ತು ಬೂದಿ ರೋಗಕ್ಕೆ ನೀರಿನಲ್ಲಿ ಬೆರೆಯುವ ಗಂಧಕ, 1 ಲೀಟರ್ ನೀರಿಗೆ 3 ಗ್ರಾಂ. ಸುಡು ಬಿಸಿಲಲ್ಲಿ ಬೇಡ. ಬೇವಿನೆಣ್ಣೆ ಬಿಟ್ಟ ಎರಡು ವಾರದೊಳಗೆ ಗಂಧಕ ಬಿಟ್ಟರೆ ಎಲೆ ಸುಡುತ್ತದೆ, ಎಚ್ಚರ. ಬೂದಿ ರೋಗಕ್ಕೆ ಹಾಲನ್ನೂ ಬಳಸಿದವರಿದ್ದಾರೆ. 1999ರಲ್ಲಿ ಪ್ರಕಟವಾದ ಬ್ರೆಜಿಲ್ ದೇಶದ ಪ್ರಯೋಗದಲ್ಲಿ ಕುಂಬಳ ಜಾತಿಯ ಗಿಡದ ಬೂದಿ ರೋಗ ನೀರು ಬೆರೆಸಿದ ಹಾಲಿನಿಂದ ಹಿಡಿತಕ್ಕೆ ಬಂದಿತ್ತು. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಎರಡು ಗಿಡಕ್ಕೆ ಹಾಕಿ ನೋಡಬಹುದು.

ಬೋರ್ಡೋ ದ್ರಾವಣ: ಅಡಿಕೆ ತೋಟ ಇರುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಫ್ರಾನ್ಸಿನ ಬೋರ್ಡೋ ಎಂಬ ಊರಿನ ದ್ರಾಕ್ಷಿ ತೋಟಗಳಿಂದ ಹೊರಟ ಈ ಮದ್ದು ನಮ್ಮ ನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬಳಕೆಯಲ್ಲಿದೆ. 10 ಲೀಟರಿಗೆ ಮೈಲುತುತ್ತ 100 ಗ್ರಾಂ, ಒಳ್ಳೆಯ ಸುಣ್ಣ 100 ಗ್ರಾಂ. ಎಳೆ ಬೀನ್ಸ್ ಗಿಡಕ್ಕೆ ಎರಡೂ ಅರ್ಧರ್ಧ ಮಾಡಿ. ಪ್ಲಾಸ್ಟಿಕ್ ಬಕೆಟಿನಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಹೊಯ್ಯಿರಿ. ಉಜ್ಜಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ. ಕತ್ತಿಗೆ ಕೆಂಪು ಬಣ್ಣ ಹತ್ತಿದರೆ ಇನ್ನೂ ಸುಣ್ಣ ಬೇಕು. ಮಾಡಿದ ದಿನವೇ ಬಳಸಿ. ಇದು ಚಿಬ್ಬು, ತುಕ್ಕು, ಅಂಗಮಾರಿ ಹೊಸ ಎಲೆಗೆ ಹರಡದ ಹಾಗೆ ತಡೆಯುತ್ತದೆ. ಆಗಲೇ ಬಂದ ಕಲೆಯನ್ನು ಅಳಿಸುವುದಿಲ್ಲ. ಸಿಂಪಡಿಸುವ ಮೊದಲೇ ಬೆಳೆದ ಕಾಯಿ ಕೊಯ್ದುಬಿಡಿ. ಆಮೇಲೆ ಒಂದು ವಾರ ಬಿಟ್ಟು, ಚೆನ್ನಾಗಿ ತೊಳೆದು ಬಳಸಿ.

ಅಡುಗೆಮನೆಯ ತೋಟಕ್ಕೆ ಬೇಡವಾದ ವಿಷ

ಭತ್ತಕ್ಕೆ, ಅಡಿಕೆಗೆ ತಂದು ಉಳಿದ ಕೀಟನಾಶಕವನ್ನು "ಹೇಗೂ ಇದೆಯಲ್ಲ" ಅಂತ ಅಲಸಂಡೆಗೆ ಬಿಡುವುದನ್ನು ದಯವಿಟ್ಟು ನಿಲ್ಲಿಸಿ. ಅಲಸಂಡೆ ಎರಡು ದಿನಕ್ಕೊಮ್ಮೆ ಕೊಯ್ಯುವ ಬೆಳೆ. ಇವತ್ತು ಬಿಟ್ಟ ವಿಷ ನಾಡಿದ್ದು ಮಗುವಿನ ತಟ್ಟೆಯಲ್ಲಿ ಇರುತ್ತದೆ. ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವನ್ನು ತರಕಾರಿಗೆ ಬಳಸಬಾರದು ಅಂತ ಕೇಂದ್ರ ಸರ್ಕಾರ 2005ರಲ್ಲೇ ನಿಷೇಧ ಮಾಡಿದೆ. ಡಬ್ಬದ ಮೇಲಿನ ತ್ರಿಕೋನದ ಬಣ್ಣ ನೋಡಿ: ಕೆಂಪು ಅಂದರೆ ಅತಿ ಭಯಂಕರ ವಿಷ, ಹಳದಿ ಅದರ ನಂತರ, ಆಮೇಲೆ ನೀಲಿ, ಹಸಿರು ಎಲ್ಲಕ್ಕಿಂತ ಕಡಿಮೆ. ಓದಲು ಬಾರದವರಿಗೂ ಬಣ್ಣ ಗೊತ್ತಾಗುತ್ತದೆ. ಕೆಂಪು, ಹಳದಿ ತ್ರಿಕೋನದ ಡಬ್ಬ ಕೈತೋಟದ ಬಾಗಿಲು ದಾಟಬಾರದು.

ವಿಷದ ಪರಿಣಾಮ ಏನು ಅಂತ ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತಿನ ಮನೆಗಳಿಗೆ ಏನು ಮಾಡಿತು ಅಂತ ನೋಡಿದ್ದೇವೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. ಆದರೆ ಹಾಸಿಗೆ ಹಿಡಿದ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರ ಕೆಲಸ ಆ ತೀರ್ಪಿನಿಂದ ಮುಗಿಯಲಿಲ್ಲ. ಅದು ಮೇಲಿನಿಂದ ಬಂದ ವಿಷ, ನಮ್ಮನ್ನು ಕೇಳಿ ಬಂದದ್ದಲ್ಲ. ನಮ್ಮ ಹಿತ್ತಲಿಗೆ ಏನು ಬರಬೇಕು ಅನ್ನುವುದು ಮಾತ್ರ ನಮ್ಮ ಕೈಯಲ್ಲಿದೆ.

ಸಂಘವಾಗಿ ಏನು ಮಾಡಬಹುದು?

1. ತಿಂಗಳಿಗೊಮ್ಮೆ ಸಭೆಯಲ್ಲಿ ಹತ್ತು ನಿಮಿಷ ಕೈತೋಟಕ್ಕೆ ಇಡಿ. ರೋಗದ ಎಲೆ ತರುವವರು ತೊಟ್ಟೆಯಲ್ಲಿ ಗಂಟು ಕಟ್ಟಿ ತನ್ನಿ, ಬಿಚ್ಚದೆ ನೋಡಿ. ಆಮೇಲೆ ಹೂಳಿ.
2. ಬೀಜ ಹಂಚುವಾಗ "ಗಿಡಕ್ಕೆ ರೋಗ ಇತ್ತಾ?" ಅಂತ ಕೇಳುವುದನ್ನು ನಿಯಮ ಮಾಡಿ. ಕೇಳಿದವರ ಮೇಲೆ ಬೇಸರ ಬೇಡ, "ಇತ್ತು" ಅಂತ ಹೇಳಿದವರನ್ನು ಹೀಯಾಳಿಸುವುದೂ ಬೇಡ. ಸಾಲದ ಲೆಕ್ಕ ಸಭೆಯಲ್ಲಿ ಎಲ್ಲರ ಎದುರು ಓದುತ್ತೇವಲ್ಲ, ಬೀಜದ ಲೆಕ್ಕವೂ ಹಾಗೆಯೇ.
3. ಟ್ರೈಕೋಡರ್ಮ, ಗಂಧಕ, ಬೇವಿನೆಣ್ಣೆ ಒಬ್ಬೊಬ್ಬರು ಪೊಟ್ಟಣ ಕೊಂಡರೆ ಅರ್ಧ ಹಾಳಾಗುತ್ತದೆ. ಸಂಘದಿಂದ ಒಟ್ಟಿಗೆ ತಂದು ಹಂಚಿಕೊಳ್ಳಿ. ಟ್ರೈಕೋಡರ್ಮದ ತಯಾರಿಕೆ ದಿನಾಂಕ ನೋಡಿಯೇ ತನ್ನಿ.
4. ಒಂದು ಸಣ್ಣ ಸಿಂಪಡಿಸುವ ಪಂಪು ಸಂಘಕ್ಕೆ ಇರಲಿ. ಕಳೆನಾಶಕಕ್ಕೆ ಬಳಸಿದ ಪಂಪು ಎಷ್ಟು ತೊಳೆದರೂ ಬೇಡ, ಬೀನ್ಸ್ ಸುಟ್ಟುಹೋಗುತ್ತದೆ.
5. ಗುರುತು ಸಿಗದಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರ, ತಾಲೂಕಿನ ತೋಟಗಾರಿಕೆ ಇಲಾಖೆ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ಒಟ್ಟಿಗೆ ಹೋಗಿ. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಫೋನ್ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲಿ ಕೇಳಬಹುದು.

ಅಕ್ಕಂದಿರೇ, ಮಗುವಿನ ಮುಖ ನೋಡಿ ಜ್ವರ ಬರುತ್ತದೆ ಅಂತ ಮೊದಲೇ ಹೇಳುವವರು ನೀವು. ಅನ್ನದ ಒಂದು ಅಗುಳು ಹಿಸುಕಿ ಇಡೀ ಪಾತ್ರೆಯ ಹದ ಹೇಳುವವರು ನೀವು. ಅದೇ ಕಣ್ಣು, ಅದೇ ಬೆರಳು ತೋಟಕ್ಕೂ ಸಾಕು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಐದು ನಿಮಿಷ ಸಾಲಿನ ನಡುವೆ ನಡೆಯಿರಿ. ಎಲೆ ತಿರುಗಿಸಿ ನೋಡಿ, ಕುಡಿ ನೋಡಿ, ಬುಡ ನೋಡಿ. ಮೊದಲ ಚುಕ್ಕೆಯ ಎಲೆ, ಮೊದಲ ನಂಜಿನ ಗಿಡ ಅವತ್ತೇ ತೆಗೆದರೆ ಹೆಚ್ಚಿನ ವರ್ಷ ಮದ್ದಿನ ಮಾತೇ ಬರುವುದಿಲ್ಲ.

ಈಗ ಹೊರಗೆ ಪಾತಿಯಲ್ಲಿರುವ ಗಿಡಗಳನ್ನು ಒಟ್ಟಿಗೆ ನೋಡೋಣ. ನಿಮ್ಮ ಮನೆಯಿಂದ ತಂದ ಎಲೆಗಳಿದ್ದರೆ ತೊಟ್ಟೆ ಬಿಚ್ಚದೆ ಇಲ್ಲಿಗೆ ಕೊಡಿ. ಪ್ರಶ್ನೆ ಇದ್ದವರು ಸಂಕೋಚ ಬಿಟ್ಟು ಕೇಳಿ.